ನೂರು ಸುತ್ತಿನ ಅಜ್ಜ

2020ರ ಏಪ್ರಿಲ್ ತಿಂಗಳ ಮೊದಲ ಭಾನುವಾರ. ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರ್ ಕೌಂಟಿಯ ಮಾರ್ಸ್‌ಟನ್ ಮೊರ್ಟೇನ್ ಎಂಬ ಹಳ್ಳಿಯಲ್ಲಿ ಒಳ್ಳೆಯ ಬಿಸಿಲು ಬಿದ್ದಿತ್ತು. ಕೊರೊನಾಕ್ಕೆ ಹೆದರಿ ದೇಶವೇ ಬಾಗಿಲು ಹಾಕಿಕೊಂಡು ಎರಡು ವಾರವಾಗುತ್ತ ಬಂದಿತ್ತು. ಹೊರಗೆ ಹೋಗುವ ಹಾಗಿಲ್ಲ, ನೆಂಟರು ಬರುವ ಹಾಗಿಲ್ಲ. ಒಂದು ಮನೆಯವರು ತಮ್ಮ ಅಂಗಳದಲ್ಲೇ ಕೆಂಡದ ಒಲೆ ಹೂಡಿ ಮಧ್ಯಾಹ್ನದ ಅಡುಗೆಗೆ ಕೂತಿದ್ದರು. ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳು. ಅಷ್ಟರಲ್ಲಿ ಮನೆಯ ಹಿರಿಯರು ವಾಕರ್ ಹಿಡಿದು ನಿಧಾನವಾಗಿ ಹೊರಗೆ ಬಂದರು. ಅವರಿಗೆ ನೂರು ತುಂಬಲು ಇನ್ನು 25 ದಿನ ಬಾಕಿ.

ಅಂಗಳದ ಆ ತುದಿಯಿಂದ ಈ ತುದಿಗೆ 25 ಮೀಟರ್. ಹಿರಿಯರು ಅದನ್ನು ಒಂದು ಸಲ ನಡೆದು ಮುಗಿಸಿದರು. ಅಳಿಯ ತಮಾಷೆಗೆ ಒಂದು ಮಾತು ಎಸೆದರು: ಹುಟ್ಟುಹಬ್ಬದೊಳಗೆ ಇಂಥ ನೂರು ಸುತ್ತು ಹಾಕಿಬಿಡಿ, ಸುತ್ತಿಗೊಂದು ಪೌಂಡ್ ಕೊಡುತ್ತೇವೆ. ಎಲ್ಲರೂ ನಕ್ಕರು. ಹಿರಿಯರೂ ನಕ್ಕರು. ಆದರೆ ಮರುದಿನ ಬೆಳಿಗ್ಗೆ ಎದ್ದು, ಕೋಟು ತೊಟ್ಟು, ಎದೆಗೆ ಯುದ್ಧದ ಪದಕ ಸಿಕ್ಕಿಸಿಕೊಂಡು ನಡೆಯಲು ನಿಂತರು. ಆ ಹಿರಿಯರೇ ಮುಂದೆ ಜಗತ್ತು 'ಕ್ಯಾಪ್ಟನ್ ಟಾಮ್' ಎಂದು ಕರೆದ ಟಾಮ್ ಮೂರ್.

ಆಮೇಲಿನ ಕತೆ ಆಗ ಎಲ್ಲ ಪತ್ರಿಕೆಗಳಲ್ಲೂ ಬಂತು. ಇಷ್ಟು ಕೋಟಿ, ಅಷ್ಟು ಕೋಟಿ ಎಂಬ ಲೆಕ್ಕ ಓದಿ ನಾವೂ ಬೆರಗಾದೆವು. ನನ್ನನ್ನು ಕಾಡಿದ್ದು ಆ ಲೆಕ್ಕಕ್ಕಿಂತ ಹಿಂದಿನ ಸಂಗತಿ. ನೂರರ ಹೊಸ್ತಿಲಲ್ಲಿ ನಿಂತ ಒಬ್ಬ ಅಜ್ಜ ತಮಾಷೆಯ ಮಾತೊಂದನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡದ್ದು ಹೇಗೆ? ಆ ನಡಿಗೆ ನಿಜವಾಗಿ ಶುರುವಾದದ್ದು ಎಲ್ಲಿ?

ಹತ್ತಿರದ ಉತ್ತರ 2018ರಲ್ಲಿದೆ. ಆ ವರ್ಷ ಅವರು ಮನೆಯಲ್ಲೇ ಬಿದ್ದರು. ಸೊಂಟದ ಮೂಳೆ ಮುರಿಯಿತು, ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೆ ಪೆಟ್ಟಾಯಿತು. ಆಗ ಅವರಿಗೆ 98.

ಈ ವಯಸ್ಸಿನಲ್ಲಿ ಸೊಂಟ ಮುರಿಯುವುದೆಂದರೆ ಏನೆಂದು ನಮ್ಮ ಮನೆಯವರಿಗೆ ಗೊತ್ತು. ನಮ್ಮಜ್ಜ ಬಚ್ಚಲಲ್ಲಿ ಜಾರಿ ಬಿದ್ದಾಗ ಎಂಬತ್ತನಾಲ್ಕು. ಆಪರೇಷನ್ ಆಯಿತು, ರಾಡು ಹಾಕಿದರು, ಒಂದು ವಾಕರ್ ಮನೆಗೆ ಬಂತು. ಅಲ್ಯೂಮಿನಿಯಮ್ಮಿನ ನಾಲ್ಕು ಕಾಲು, ಕಾಲಿನ ತುದಿಗೆ ಕಪ್ಪು ರಬ್ಬರ್ ಬುಷ್, ಹಿಡಿಗೆ ಬೂದು ಬಣ್ಣದ ಸ್ಪಂಜು. ಮೊದಲ ವಾರ ಅಜ್ಜ ಅದನ್ನು ಮುಟ್ಟಲೂ ಇಲ್ಲ. ಫಿಸಿಯೋಥೆರಪಿಗೆ ಬರುತ್ತಿದ್ದ ಹುಡುಗ ದಿನಾ ಬಂದು, 'ಇವತ್ತು ಬಾಗಿಲತನಕ ಅಜ್ಜಾ, ಸಾಕು' ಎನ್ನುತ್ತಿದ್ದ. ಬಾಗಿಲು ಹತ್ತು ಹೆಜ್ಜೆ. ಅಷ್ಟು ದೂರ ಹೋಗಿ ಬರುವಷ್ಟರಲ್ಲಿ ಅಜ್ಜನ ಬನಿಯನ್ ಬೆವರಿಗೆ ಬೆನ್ನಿಗೆ ಅಂಟುತ್ತಿತ್ತು. ವಾಕರ್ ಎತ್ತಿ ಮುಂದಿಡುವುದು, ಅದು ಊರಿ ನಿಂತಿದೆಯೇ ಎಂದು ನೋಡುವುದು, ನೋವಿಲ್ಲದ ಕಾಲು, ಆಮೇಲೆ ನೋವಿನ ಕಾಲು. ಒಂದೊಂದು ಹೆಜ್ಜೆಗೂ ಒಂದೊಂದು ಧೈರ್ಯ ಬೇಕು. ಎರಡು ತಿಂಗಳಾದ ಮೇಲೆ ಅಜ್ಜ ಸಾಕೆಂದುಬಿಟ್ಟರು. ವಾಕರ್ ಕಿಟಕಿಯ ಪಕ್ಕ ನಿಂತು ಅದರ ಮೇಲೆ ಟವೆಲ್ ಒಣಗತೊಡಗಿತು. ನಮ್ಮಜ್ಜನನ್ನು ನಾನು ಯಾವತ್ತೂ ದೂರಿಲ್ಲ. ಆ ಹತ್ತು ಹೆಜ್ಜೆಯ ಬೆಲೆ ಕಂಡಿದ್ದರಿಂದಲೇ ಟಾಮ್ ಅಜ್ಜನ ನೂರು ಸುತ್ತು ನನಗೆ ಬರೀ ಸುದ್ದಿಯಾಗಿ ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ತಮ್ಮನ್ನು ಎಬ್ಬಿಸಿ, ಕೂರಿಸಿ, ನಡೆಸಿದ ದಾದಿಯರನ್ನು ಟಾಮ್ ಮರೆಯಲಿಲ್ಲ. ಚರ್ಮದ ಕ್ಯಾನ್ಸರಿಗೂ ಅವರಿಗೆ ಚಿಕಿತ್ಸೆ ನಡೆದಿತ್ತು. ಅದೆಲ್ಲ ನಡೆದದ್ದು ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ. ಆ ವ್ಯವಸ್ಥೆ ಶುರುವಾದದ್ದು 1948ರ ಜುಲೈ 5ರಂದು; ಆಗ ಟಾಮ್‌ಗೆ 28 ವರ್ಷ. ಡಾಕ್ಟರರ ಮನೆಗೆ ಹೋಗಬೇಕಾದರೆ ಮೊದಲು ಜೇಬು ಮುಟ್ಟಿ ನೋಡಿಕೊಳ್ಳಬೇಕಿದ್ದ ಕಾಲವನ್ನೂ ಕಂಡ ತಲೆಮಾರು ಅವರದು. 2020ರ ವಸಂತದಲ್ಲಿ ಅದೇ ದಾದಿಯರು, ಅದೇ ವೈದ್ಯರು ಸಾಕಷ್ಟು ಮಾಸ್ಕು ಗೌನುಗಳೂ ಇಲ್ಲದೆ ವಾರ್ಡುಗಳಲ್ಲಿ ನಿಂತಿದ್ದರು. ಹಾಗಾಗಿ ಸುತ್ತಿಗೊಂದು ಪೌಂಡಿನ ಹಣ ಯಾರಿಗೆ ಹೋಗಬೇಕೆಂಬುದರ ಬಗ್ಗೆ ಆ ಮನೆಯಲ್ಲಿ ಹೆಚ್ಚು ಚರ್ಚೆ ನಡೆಯಬೇಕಿರಲಿಲ್ಲ. ಎನ್‌ಎಚ್‌ಎಸ್‌ನ ಆಸ್ಪತ್ರೆಗಳಿಗೆ ಅಂಟಿಕೊಂಡ ದತ್ತಿಸಂಸ್ಥೆಗಳ ಒಕ್ಕೂಟವೊಂದಿದೆ. ಅದರ ಹೆಸರಿಗೆ ಆನ್‌ಲೈನಿನಲ್ಲಿ ದೇಣಿಗೆಯ ಪುಟ ತೆರೆದರು. ಗುರಿ 1,000 ಪೌಂಡ್. ಆಗಿನ ನಮ್ಮ ಲೆಕ್ಕದಲ್ಲಿ ಲಕ್ಷ ರೂಪಾಯಿಗೆ ಸ್ವಲ್ಪ ಕಮ್ಮಿ.

ಆದರೆ ದೂರದ ಉತ್ತರ ಹುಡುಕಲು ಇನ್ನೂ ಎಂಬತ್ತು ವರ್ಷ ಹಿಂದಕ್ಕೆ ಹೋಗಬೇಕು.

ಟಾಮ್ ಹುಟ್ಟಿದ್ದು 1920ರ ಏಪ್ರಿಲ್ 30ರಂದು, ಯಾರ್ಕ್‌ಶೈರಿನ ಕೀತ್ಲಿ ಎಂಬ ಉಣ್ಣೆ ಗಿರಣಿಗಳ ಊರಿನಲ್ಲಿ. ಅಜ್ಜ ಮನೆ ಕಟ್ಟುವ ಗುತ್ತಿಗೆದಾರ, ಅಪ್ಪನೂ ಅದೇ ಕಸುಬಿನವರು, ಅಮ್ಮ ಶಾಲೆಯ ಮುಖ್ಯೋಪಾಧ್ಯಾಯಿನಿ. ಹುಡುಗನಿಗೆ ಮೋಟರ್ ಸೈಕಲ್ಲಿನ ಹುಚ್ಚು. ಹನ್ನೆರಡನೇ ವಯಸ್ಸಿಗೇ ಅರ್ಧ ಕ್ರೌನ್ ಕೊಟ್ಟು ಹಳೆಯದೊಂದು ಬೈಕ್ ಕೊಂಡಿದ್ದ. ಓದು ಮುಗಿಸಿ ಸಿವಿಲ್ ಎಂಜಿನಿಯರಿಂಗ್ ಕಲಿಯುತ್ತಿದ್ದಾಗ ಯುದ್ಧ ಬಂತು. 1940ರಲ್ಲಿ, ಇಪ್ಪತ್ತು ತುಂಬಿದ ಬೆನ್ನಿಗೇ, ಡ್ಯೂಕ್ ಆಫ್ ವೆಲಿಂಗ್ಟನ್ಸ್ ರೆಜಿಮೆಂಟಿಗೆ ಸೇರಬೇಕಾಯಿತು. ಮರುವರ್ಷ ಜೂನ್‌ನಲ್ಲಿ ಅಧಿಕಾರಿಯಾದರು. ಅವರ ಬೆಟಾಲಿಯನ್ನನ್ನು ಟ್ಯಾಂಕ್ ದಳವಾಗಿ ಬದಲಿಸಿ ಹಡಗು ಹತ್ತಿಸಿದರು. ಹಡಗು ಬಂದು ನಿಂತದ್ದು ಬೊಂಬಾಯಿಯಲ್ಲಿ.

ಟಾಮ್ ಅಜ್ಜನ ಬದುಕು ನಮ್ಮ ನೆಲವನ್ನು ಮುಟ್ಟುವುದು ಇಲ್ಲಿ. ಸೈನ್ಯದ ಬೈಕ್ ಸವಾರರನ್ನು ತಯಾರು ಮಾಡುವ ಕೆಲಸವನ್ನು ಅವರಿಗೇ ವಹಿಸಿದರು. ಬಾಲ್ಯದ ಹುಚ್ಚಿಗೆ ಸರ್ಕಾರವೇ ಸಂಬಳ ಕೊಟ್ಟಂತಾಯಿತು! ಆಮೇಲೆ ಬೊಂಬಾಯಿಯಿಂದ ಕಲ್ಕತ್ತೆಗೆ ರಸ್ತೆಯ ಮೇಲೆ ಹೊರಟರು. ಮಳೆಗಾಲ. ಹೊಳೆಗಳು ತುಂಬಿ ದಾರಿ ಕಟ್ಟುತ್ತಿದ್ದವು. ಕಲ್ಕತ್ತೆ ಮುಟ್ಟಲು ಮೂರು ವಾರ ಹಿಡಿಯಿತು. ನೆರೆ ಇಳಿಯುವವರೆಗೆ ಹೊಳೆಯ ದಂಡೆಯಲ್ಲಿ ಕಾಯುವುದು ಏನೆಂದು ಮಲೆನಾಡಿನವರಿಗೆ, ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಇಪ್ಪತ್ತೆರಡು ವರ್ಷದ ಯಾರ್ಕ್‌ಶೈರ್ ಹುಡುಗನಿಗೆ ಅದು ಹೊಸ ಪಾಠ. ಸಾಗುವಷ್ಟು ಸಾಗು, ನಿಲ್ಲಬೇಕಾದಾಗ ನಿಲ್ಲು, ಮತ್ತೆ ಹೊರಡು.

ಕಲ್ಕತ್ತೆಯಿಂದ ಮುಂದೆ ಅರಕಾನ್. ಬರ್ಮಾದ ಪಶ್ಚಿಮ ಕರಾವಳಿ. ಒಂದು ಕಡೆ ಬಂಗಾಳ ಕೊಲ್ಲಿ, ಇನ್ನೊಂದು ಕಡೆ ಕಾಡು ತುಂಬಿದ ಬೆಟ್ಟಸಾಲು, ನಡುವೆ ಕೆಸರುಗದ್ದೆ, ಅಳಿವೆ, ಕಾಂಡ್ಲಾ ಕಾಡು. ಉಬ್ಬರಕ್ಕೆ ತುಂಬಿ ಇಳಿತಕ್ಕೆ ಬರಿದಾಗುವ ಉಪ್ಪುನೀರಿನ ತೋಡುಗಳನ್ನು ಅಲ್ಲಿಯವರು 'ಚೌಂಗ್' ಎನ್ನುತ್ತಾರೆ. ಟ್ಯಾಂಕಿನಂಥ ಭಾರದ ಯಂತ್ರಕ್ಕೆ ಇದಕ್ಕಿಂತ ಕೆಟ್ಟ ನೆಲ ಇನ್ನೊಂದಿಲ್ಲ. 1943ರ ಫೆಬ್ರುವರಿ ಮೊದಲ ದಿನ ಡೊನ್‌ಬೈಕ್ ಎಂಬಲ್ಲಿ ಟಾಮ್ ಅವರ ರೆಜಿಮೆಂಟಿನ ಬೆರಳೆಣಿಕೆಯ ವ್ಯಾಲೆಂಟೈನ್ ಟ್ಯಾಂಕುಗಳನ್ನು ಜಪಾನೀಯರ ಬಂಕರುಗಳ ಮೇಲೆ ಬಿಟ್ಟರು. ಕೆಲವು ತೋಡಿಗೆ ಇಳಿದು ಸಿಕ್ಕಿಬಿದ್ದವು. ಒಳಗಿದ್ದವರು ಹೊರಗೆ ಬರಲಿಲ್ಲ. ಎರಡು ವರ್ಷವಾದ ಮೇಲೆ ಆ ಜಾಗ ಮರಳಿ ಕೈಸೇರಿದಾಗ ಅವರು ಟ್ಯಾಂಕಿನೊಳಗೆ ಹಾಗೆಯೇ ಸಿಕ್ಕರು. ಗುಂಡಿನ ಜೊತೆಗೆ ರೋಗ. ಮಲೇರಿಯಾ, ಆಮಶಂಕೆ, ಡೆಂಗಿ. ಟಾಮ್ ಡೆಂಗಿ ಹತ್ತಿಸಿಕೊಂಡು ಬದುಕಿ ಉಳಿದರು.

ಅವರಿದ್ದ ಹದಿನಾಲ್ಕನೇ ಸೈನ್ಯ ಜನರಲ್ ವಿಲಿಯಂ ಸ್ಲಿಮ್ ಅವರ ಕೈಕೆಳಗಿನದು. ಹತ್ತು ಲಕ್ಷದ ಹತ್ತಿರ ಜನರಿದ್ದ ಆ ಸೈನ್ಯದಲ್ಲಿ ಹೆಚ್ಚಿನವರು ಭಾರತದವರು. ಟಾಮ್ ತಿರುಗಿದ ಅದೇ ಕರಾವಳಿಯಲ್ಲಿ 1945ರ ಜನವರಿಯಲ್ಲಿ ಕಾಂಗಾವ್ ಎಂಬಲ್ಲಿ ಘೋರ ಕಾಳಗ ನಡೆಯಿತು. ಅಲ್ಲಿ ಒಂದೇ ಬ್ರಿಗೇಡಿನ ಮೂರು ಬೆಟಾಲಿಯನ್ನುಗಳನ್ನು ಮೂವರು ಭಾರತೀಯ ಅಧಿಕಾರಿಗಳು ನಡೆಸಿದರು. ಅವರಲ್ಲೊಬ್ಬರು ನಮ್ಮ ಮಡಿಕೇರಿಯ ಕೆ.ಎಸ್. ತಿಮ್ಮಯ್ಯ, ಮುಂದೆ ದೇಶದ ಸೇನಾ ಮುಖ್ಯಸ್ಥರಾದವರು. ಹೀಗಿದ್ದೂ ಆ ಸೈನ್ಯಕ್ಕೆ ಉಳಿದ ಹೆಸರು 'ಮರೆತುಹೋದ ಸೈನ್ಯ'. ಲಂಡನ್ನಿನ ಪತ್ರಿಕೆಗಳ ಮುಖಪುಟವೆಲ್ಲ ಯೂರೋಪಿನ ಯುದ್ಧಕ್ಕೆ ಮೀಸಲು. 1945ರ ಮೇ 8ರಂದು ಲಂಡನ್ನಿನ ಬೀದಿಗಳಲ್ಲಿ ಜನ ಕುಣಿಯುತ್ತಿದ್ದಾಗಲೂ ಬರ್ಮಾದಲ್ಲಿ ಗುಂಡು ಹಾರುತ್ತಲೇ ಇತ್ತು. ಹೊಟ್ಟೆಗೂ ತುಪಾಕಿಗೂ ಆಕಾಶವೇ ಗತಿ. ರಸ್ತೆಯಿಲ್ಲದ ಕಡೆಗೆಲ್ಲ ಡಕೋಟಾ ವಿಮಾನಗಳು ಬಂದು ಅಕ್ಕಿ, ಹಿಟ್ಟು, ಔಷಧಿ, ಮದ್ದುಗುಂಡನ್ನು ಪ್ಯಾರಾಚೂಟಿನಲ್ಲಿ ಉದುರಿಸಿ ಹೋಗುತ್ತಿದ್ದವು. ಮೋಡದಾಚೆ ಆ ಎರಡು ಎಂಜಿನ್ನುಗಳ ಗುಂಯ್‌ಗುಡುವ ಸದ್ದು ಕೇಳಿದರೆ ಕೆಳಗಿದ್ದವರಿಗೆ ಇವತ್ತು ಊಟ ಉಂಟು ಎಂದರ್ಥ.

ಟಾಮ್ ಕ್ಯಾಪ್ಟನ್ ಆದದ್ದು 1944ರ ಅಕ್ಟೋಬರಿನಲ್ಲಿ. ಮರುವರ್ಷ ಫೆಬ್ರುವರಿಯಲ್ಲಿ ಚರ್ಚಿಲ್ ಟ್ಯಾಂಕಿನ ತರಬೇತಿಗೆಂದು ಅವರನ್ನು ಇಂಗ್ಲೆಂಡಿಗೆ ಕರೆಸಿದರು. ಮತ್ತೆ ಬರ್ಮಾಕ್ಕೆ ಹೋಗಲಿಲ್ಲ, ಬೋವಿಂಗ್ಟನ್ನಿನ ಟ್ಯಾಂಕ್ ಶಾಲೆಯಲ್ಲೇ ಪಾಠ ಹೇಳಿಕೊಂಡಿದ್ದು 1946ರ ಆರಂಭದಲ್ಲಿ ಸಮವಸ್ತ್ರ ಕಳಚಿದರು. ಆದರೆ ಜೊತೆಗಾರರನ್ನು ಬಿಡಲಿಲ್ಲ. ಯುದ್ಧ ಮುಗಿದ ಮೇಲೆ ರೆಜಿಮೆಂಟಿನ ಹಳೆಯ ಗೆಳೆಯರನ್ನು ವರ್ಷಕ್ಕೊಮ್ಮೆ ಒಂದೆಡೆ ಸೇರಿಸುವ ಕೆಲಸ ಹಿಡಿದರು. ಅದನ್ನು ಅರವತ್ತಕ್ಕೂ ಹೆಚ್ಚು ವರ್ಷ ನಡೆಸಿದರು. ಮೊಬೈಲ್ ಇಲ್ಲದ ಕಾಲದಲ್ಲಿ ಅದೇನು ಸಣ್ಣ ಕೆಲಸವೇ? ಪತ್ರ ಬರೆಯಬೇಕು, ವಿಳಾಸ ಬದಲಾದವರನ್ನು ಹುಡುಕಬೇಕು, ಉಳಿಯಲು ಜಾಗ ಗೊತ್ತುಮಾಡಬೇಕು. ಪ್ರತಿ ವರ್ಷ ಪಟ್ಟಿಯಿಂದ ಒಂದಿಷ್ಟು ಹೆಸರು ಕಳೆಯುತ್ತ ಹೋಗುತ್ತದೆ, ಉಳಿದವರಿಗೆ ಮತ್ತೆ ಪತ್ರ ಹಾಕಬೇಕು. ಜಗತ್ತು ಮರೆತ ಸೈನ್ಯವನ್ನು ಒಬ್ಬರು ವರ್ಷಕ್ಕೊಂದು ಸುತ್ತಿನಂತೆ ನೆನಪಿಟ್ಟುಕೊಂಡು ಬಂದಿದ್ದರು. ನೂರು ಸುತ್ತಿನ ನಡಿಗೆಯ ಬೇರು ನನಗೆ ಸಿಕ್ಕಿದ್ದು ಇಲ್ಲಿಯೇ.

ಯುದ್ಧದ ನಂತರದ ಬದುಕನ್ನು ಬೇಗ ಹೇಳಿಬಿಡಬಹುದು. ಚಾವಣಿ ಸಾಮಗ್ರಿ ಮಾರುವ ಕಂಪನಿಯಲ್ಲಿ ಮಾರಾಟದ ಕೆಲಸ, ಆಮೇಲೆ ಕೇಂಬ್ರಿಡ್ಜ್‌ಶೈರಿನ ತಗ್ಗು ಪ್ರದೇಶದ ಮಾರ್ಚ್ ಎಂಬ ಊರಿನಲ್ಲಿ ಕಾಂಕ್ರೀಟ್ ಕಾರ್ಖಾನೆಯ ಉಸ್ತುವಾರಿ. ಕಾರ್ಖಾನೆ ಕೈಬಿಟ್ಟುಹೋಗುವ ಹೊತ್ತಿನಲ್ಲಿ ಜೊತೆಯವರೊಂದಿಗೆ ಸೇರಿ ಅದನ್ನು ತಾವೇ ಕೊಂಡು ನಡೆಸಿದರು. ಬಿಡುವಿನಲ್ಲಿ ಬೈಕ್ ರೇಸು. 1983ರಲ್ಲಿ 'ಬ್ಲ್ಯಾಂಕೆಟಿ ಬ್ಲ್ಯಾಂಕ್' ಎಂಬ ಟಿವಿ ಆಟದ ಕಾರ್ಯಕ್ರಮದಲ್ಲೂ ಸ್ಪರ್ಧಿಯಾಗಿ ಕೂತಿದ್ದರು. ಅವರು ಹೆಸರಾದ ಮೇಲೆ ಬಿಬಿಸಿ ಆ ಹಳೆಯ ಚಿತ್ರವನ್ನು ಹುಡುಕಿ ತೆಗೆಯಿತು. ಅರವತ್ತಮೂರರ ಆ ಸ್ಪರ್ಧಿಯ ಮುಖದಲ್ಲೂ ನೂರರ ಅಜ್ಜನ ನಗುವೇ ಇದೆ.

ಆದರೆ ಒಂದು ಸಂಗತಿಯನ್ನು ಬೇಗ ದಾಟಲಾರೆ. ಮೊದಲ ಮದುವೆ ಹೊಂದಿಕೆಯಾಗಲಿಲ್ಲ. 1968ರಲ್ಲಿ ಪಮೇಲಾ ಅವರನ್ನು ಮದುವೆಯಾದರು, ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ಮುಪ್ಪಿನಲ್ಲಿ ಪಮೇಲಾ ಅವರಿಗೆ ಮರೆಗುಳಿ ರೋಗ ಬಂತು. ಮನೆಯಲ್ಲಿ ನೋಡಿಕೊಳ್ಳಲಾಗದ ಹಂತ ಬಂದಾಗ ಆರೈಕೆ ಕೇಂದ್ರಕ್ಕೆ ಸೇರಿಸಬೇಕಾಯಿತು. ಟಾಮ್ ದಿನವೂ ಹೋಗಿ ಹೆಂಡತಿಯ ಪಕ್ಕ ಕೂತು ಬರುತ್ತಿದ್ದರು. ಗುರುತು ಹಿಡಿಯಲಿ, ಬಿಡಲಿ, ದಿನವೂ. 2006ರಲ್ಲಿ ಪಮೇಲಾ ತೀರಿಕೊಂಡರು. ಅದಾದ ಮೇಲೆ ಅವರು ಕಿರಿಯ ಮಗಳ ಮನೆಗೆ ಬಂದು ನೆಲೆಸಿದ್ದು. ನಮ್ಮಲ್ಲಾದರೆ ಅದು ಸಹಜ, ಅಲ್ಲಿ ತೀರಾ ಸಾಮಾನ್ಯವಲ್ಲ. ಮೂರು ತಲೆಮಾರು ಒಂದೇ ಸೂರಿನಡಿ ಇದ್ದದ್ದರಿಂದಲೇ ಆ ಭಾನುವಾರದ ತಮಾಷೆಯ ಮಾತು ಹುಟ್ಟಿತು ಎಂಬುದನ್ನು ಮರೆಯಬಾರದು. ಒಂಟಿ ಅಜ್ಜನಿಗೆ ಸುತ್ತಿಗೊಂದು ಪೌಂಡ್ ಕೊಡುತ್ತೇನೆ ಎನ್ನುವವರು ಯಾರು?

ಈಗ ಮತ್ತೆ ಅಂಗಳಕ್ಕೆ. ಏಪ್ರಿಲ್ 6ರಿಂದ ನಡಿಗೆ ಶುರು. ದಿನಕ್ಕೆ ಹತ್ತು ಸುತ್ತು. ನೂರು ಸುತ್ತು ಸೇರಿದರೆ ಎರಡೂವರೆ ಕಿಲೋಮೀಟರ್. ಬೆಳಗಿನ ವಾಕಿಂಗಿಗೆ ಹೋಗುವವರು ಅರ್ಧ ಗಂಟೆಯಲ್ಲಿ ಮುಗಿಸುವ ದೂರ. ನಾಲ್ಕನೇ ದಿನ ಕಳೆದು ಏಪ್ರಿಲ್ 10ಕ್ಕೆ 1,000 ಪೌಂಡ್ ಬಂತು. ಗುರಿ ಮುಟ್ಟಿತೆಂದು ಅಲ್ಲಿಗೇ ನಿಲ್ಲಿಸಬಹುದಿತ್ತು. ಅಷ್ಟರಲ್ಲಿ ಸ್ಥಳೀಯ ಪತ್ರಿಕೆಗಳು, ರೇಡಿಯೋ, ಆಮೇಲೆ ದೊಡ್ಡ ಟಿವಿ ವಾಹಿನಿಗಳು ಆ ಅಂಗಳದ ಕಡೆ ತಿರುಗಿದವು. ಗಾಯಕ ಮೈಕಲ್ ಬಾಲ್ ತಮ್ಮ ರೇಡಿಯೋ ಕಾರ್ಯಕ್ರಮದಲ್ಲಿ ಮಾತಾಡಿಸಿದ ಮೇಲೆ ದೇಣಿಗೆ ಉಕ್ಕತೊಡಗಿತು. ಏಪ್ರಿಲ್ 16ರ ಬೆಳಿಗ್ಗೆ ನೂರನೇ ಸುತ್ತಿಗೆ ಅವರು ಬಂದು ನಿಂತಾಗ ಮೊತ್ತ 1.2 ಕೋಟಿ ಪೌಂಡ್ ದಾಟಿತ್ತು.

ಆ ಬೆಳಗಿನ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ. ಹಾದಿಯ ಎರಡೂ ಬದಿಗೆ ಯಾರ್ಕ್‌ಶೈರ್ ರೆಜಿಮೆಂಟಿನ ಯುವ ಸೈನಿಕರು ದೂರದೂರ ನಿಂತು ಗೌರವರಕ್ಷೆ ಕೊಡುತ್ತಿದ್ದಾರೆ. ಅಜ್ಜನ ಹಳೆಯ ರೆಜಿಮೆಂಟು ಈಗ ಅದರಲ್ಲಿ ಕೂಡಿಹೋಗಿದೆ. ಗಾಢ ಬಣ್ಣದ ಕೋಟು, ಟೈ, ಎದೆಯ ಮೇಲೆ ಪದಕಗಳ ಸಾಲು, ಅದರಲ್ಲೊಂದು ಬರ್ಮಾ ಸ್ಟಾರ್. ವಾಕರ್‌ನ ಗಾಲಿ ಕಲ್ಲುಹಾಸಿನ ಮೇಲೆ ಉರುಳುತ್ತದೆ. ಅವರು ಅವಸರ ಮಾಡುವುದಿಲ್ಲ. ಕ್ಯಾಮೆರಾ ಕಡೆ ನೋಡಿ ಕೈಬೀಸುವುದೂ ಇಲ್ಲ. ಕೈ ಬಿಟ್ಟರೆ ಬೀಳುವ ಭಯವಿದ್ದೇ ಇದೆ. ಕೊನೆಯ ಮೀಟರು ಮುಗಿದ ಮೇಲೆಯೇ ತಲೆಯೆತ್ತಿ ನಗುತ್ತಾರೆ. ಕಷ್ಟದಲ್ಲಿರುವವರಿಗೆ ಏನು ಹೇಳುತ್ತೀರಿ ಎಂದು ಕೇಳಿದಾಗ, ಮೋಡ ಸರಿದು ಮತ್ತೆ ನಿಮ್ಮ ಮೇಲೆ ಬಿಸಿಲು ಬೀಳುತ್ತದೆ ಎಂಬ ಅರ್ಥದ ಮಾತಾಡಿದರು. ನಾಳೆ ಒಳ್ಳೆಯ ದಿನವಾಗಿರುತ್ತದೆ ಎಂಬುದು ಅವರ ನಿತ್ಯದ ಮಾತು. ಅರಕಾನಿನ ಕೆಸರನ್ನೂ ಹೆಂಡತಿಯ ಮರೆವನ್ನೂ ಕಂಡವರ ಬಾಯಲ್ಲಿ ಬಂದದ್ದರಿಂದ ಆ ಸಾದಾ ಮಾತಿಗೆ ತೂಕ ಬಂತು.

ನಡಿಗೆ ಅಲ್ಲಿಗೂ ನಿಲ್ಲಲಿಲ್ಲ. ಜನ ಕೊಡುತ್ತಿರುವಾಗ ನಾನು ಸುಮ್ಮನೆ ಕೂರುವುದೇ ಎಂದು ಇನ್ನೂ ನೂರು ಸುತ್ತಿಗೆ ಹೊರಟರು. ಮೈಕಲ್ ಬಾಲ್ ಮತ್ತು ಎನ್‌ಎಚ್‌ಎಸ್ ಸಿಬ್ಬಂದಿಯ ಗಾಯನ ತಂಡದ ಜೊತೆ ಸೇರಿ ಅವರು ದನಿ ಕೊಟ್ಟ 'ಯು ವಿಲ್ ನೆವರ್ ವಾಕ್ ಅಲೋನ್' ಹಾಡು ಏಪ್ರಿಲ್ 24ಕ್ಕೆ ಬ್ರಿಟನ್ನಿನ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. ಆ ಸ್ಥಾನಕ್ಕೇರಿದವರಲ್ಲಿ ಅವರಷ್ಟು ಹಿರಿಯರು ಅಲ್ಲಿಯವರೆಗೆ ಇರಲಿಲ್ಲ. ಅದೇ ವಾರ ಮೊದಲ ಸ್ಥಾನಕ್ಕೆ ಪೈಪೋಟಿಯಲ್ಲಿದ್ದ ಪಾಪ್ ತಾರೆ 'ದ ವೀಕೆಂಡ್' ತನ್ನ ಅಭಿಮಾನಿಗಳಿಗೇ ಕ್ಯಾಪ್ಟನ್ ಟಾಮ್ ಅವರ ಹಾಡು ಕೇಳಿ ಎಂದು ಕರೆಕೊಟ್ಟರು. ಆ ದಿನಗಳ ನೆನಪುಗಳಲ್ಲಿ ಇದೊಂದು ನನಗೆ ತುಂಬ ಪ್ರೀತಿಯದು.

ಹುಟ್ಟುಹಬ್ಬದ ಹೊತ್ತಿಗೆ ಶುಭಾಶಯದ ಕಾರ್ಡುಗಳು ಬರತೊಡಗಿದವು. ಮೊದಲು ಚೀಲಗಟ್ಟಲೆ, ಆಮೇಲೆ ವ್ಯಾನುಗಟ್ಟಲೆ. ಮನೆ ಸಾಲದೆ ಮೊಮ್ಮಗ ಓದುತ್ತಿದ್ದ ಬೆಡ್‌ಫರ್ಡ್ ಶಾಲೆಯ ದೊಡ್ಡ ಸಭಾಂಗಣಕ್ಕೆ ಸಾಗಿಸಿದರು. ಒಟ್ಟು ಒಂದೂವರೆ ಲಕ್ಷದಷ್ಟು ಕಾರ್ಡು. ಸ್ವಯಂಸೇವಕರು ಅಂತರ ಕಾಯ್ದುಕೊಂಡು ಕೂತು ಒಂದೊಂದೇ ಲಕೋಟೆ ಬಿಡಿಸಿ ನೆಲದ ಮೇಲೆ ಸಾಲಾಗಿ ನಿಲ್ಲಿಸುತ್ತ ಹೋದರು. ಸಭಾಂಗಣದ ನೆಲ ಕಾಣದಾಯಿತು. ಮಕ್ಕಳು ಕ್ರೇಯಾನಿನಲ್ಲಿ ಬರೆದ ಕಾಮನಬಿಲ್ಲು, ವಾಕರ್ ಹಿಡಿದ ಕಡ್ಡಿಗೊಂಬೆಯ ಅಜ್ಜ, ಎದೆಗೆ ಮೂರು ಬಣ್ಣದ ಗೆರೆಯ ಪದಕ. ಬ್ರಿಟನ್ನಿನ ಅಂಚೆ ಸಂಸ್ಥೆ ಆ ವಾರ ಅವರ ಹೆಸರಿನಲ್ಲೇ ವಿಶೇಷ ಮುದ್ರೆ ಒತ್ತಿತು. 30ರ ಬೆಳಿಗ್ಗೆ ಎರಡನೇ ಮಹಾಯುದ್ಧದ ಕಾಲದ ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳು ಮನೆಯ ಮೇಲೆ ಹಾರಿದವು. ಕಂಬಳಿ ಹೊದ್ದು ಕುರ್ಚಿಯಲ್ಲಿ ಕೂತಿದ್ದ ಅಜ್ಜ ಮುಷ್ಟಿ ಮೇಲೆತ್ತಿ ಅವಕ್ಕೆ ವಂದಿಸಿದರು. ಸೈನ್ಯ ಗೌರವ ಕರ್ನಲ್ ಪದವಿ ಕೊಟ್ಟಿತು, ಕೈತಪ್ಪಿದ್ದ ಡಿಫೆನ್ಸ್ ಪದಕವನ್ನೂ ತಂದು ಒಪ್ಪಿಸಿತು. ಪದವಿ ಕರ್ನಲ್ ಆದರೂ ಜನರ ಬಾಯಲ್ಲಿ ಕ್ಯಾಪ್ಟನ್ ಆಗಿಯೇ ಉಳಿದರು.

ಅಂದು ರಾತ್ರಿ ಪುಟ ಮುಚ್ಚುವಾಗ ಸೇರಿದ್ದ ಮೊತ್ತ 3.27 ಕೋಟಿ ಪೌಂಡಿಗೂ ಹೆಚ್ಚು. ನಮ್ಮ ಹಣದಲ್ಲಿ ಮುನ್ನೂರು ಕೋಟಿ ರೂಪಾಯಿ ಮೀರುತ್ತದೆ. ತೆರಿಗೆ ರಿಯಾಯಿತಿಯಿಂದ ಸರ್ಕಾರ ಸೇರಿಸುವ ಪಾಲು ಬೇರೆ. ಕೊಟ್ಟವರು ಸುಮಾರು 15 ಲಕ್ಷ ಜನ. ಎಂದರೆ ಒಬ್ಬೊಬ್ಬರು ಕೊಟ್ಟದ್ದು ಸರಾಸರಿ ಇಪ್ಪತ್ತು ಚಿಲ್ಲರೆ ಪೌಂಡ್. ದೊಡ್ಡ ಕುಳಗಳ ಹಣವಲ್ಲ, ಮನೆಮನೆಯ ಹಣ. ಅದು ಹೋದದ್ದು ಆಸ್ಪತ್ರೆಯ ಸಿಬ್ಬಂದಿ ದಣಿವಾರಿಸಿಕೊಳ್ಳಲು ಕೋಣೆ, ಊಟ, ಆಪ್ತಸಲಹೆಯಂಥ ಕೆಲಸಗಳಿಗೆ. ಅಂದರೆ ಟಾಮ್ ಅವರನ್ನು ಹಿಡಿದು ನಡೆಸಿದಂಥ ದಾದಿಯರಿಗೇ.

ನಡಿಗೆ ಅಂಟುರೋಗದಂತೆ ಹಬ್ಬಿತು, ಆ ವರ್ಷ ಹಬ್ಬಿದ ಒಳ್ಳೆಯ ಅಂಟೆಂದರೆ ಅದೊಂದೇ. ಸಿಲ್ಹೆಟ್ ಮೂಲದ ದಬಿರುಲ್ ಇಸ್ಲಾಂ ಚೌಧುರಿ ಇಂಗ್ಲೆಂಡಿನಲ್ಲೇ ಇದ್ದರು, ಅವರಿಗೂ ನೂರು. ಟಾಮ್ ಅವರನ್ನು ನೋಡಿ ರಂಜಾನ್ ತಿಂಗಳಿಡೀ ಉಪವಾಸವಿದ್ದುಕೊಂಡೇ ಮನೆಯ ತೋಟದಲ್ಲಿ ಸುತ್ತು ಹಾಕಿದರು. ಸೇರಿದ ನಾಲ್ಕು ಲಕ್ಷಕ್ಕೂ ಮಿಕ್ಕ ಪೌಂಡ್ ಕೊರೊನಾ ಸಂತ್ರಸ್ತರಿಗೂ ಇತರ ಪರಿಹಾರ ಕಾರ್ಯಗಳಿಗೂ ಹೋಯಿತು. ಎರಡೂ ಕಾಲು ಕಳೆದುಕೊಂಡಿದ್ದ ಐದು ವರ್ಷದ ಹುಡುಗನೊಬ್ಬ ಟಿವಿಯಲ್ಲಿ ಈ ಅಜ್ಜನನ್ನು ಕಂಡು, ಹೊಸ ಕೃತಕ ಕಾಲು ಕಟ್ಟಿಕೊಂಡು ಜೂನ್ ತಿಂಗಳಲ್ಲಿ ಹತ್ತು ಕಿಲೋಮೀಟರ್ ನಡೆದ. ತನ್ನನ್ನು ಉಳಿಸಿದ ಆಸ್ಪತ್ರೆಗೆ ಹತ್ತು ಲಕ್ಷ ಪೌಂಡಿಗೂ ಹೆಚ್ಚು ಕೂಡಿಸಿಕೊಟ್ಟ.

ನೈಟ್ ಪದವಿಯ ಸುದ್ದಿ ಬಂದಾಗ ಅಜ್ಜನ ಚಿಂತೆ ಒಂದೇ: ರಾಣಿ ಹೆಗಲ ಮೇಲೆ ಕತ್ತಿಯಿಡುವಾಗ ಕೈ ಭಾರ ಬಿಡದಿದ್ದರೆ ಸಾಕು, ತಾನು ಬಡಪಾಯಿ ಮುದುಕ ಎಂದು ನಗಿಸಿದರು. ಜುಲೈ 17ರಂದು ವಿಂಡ್ಸರ್ ಕೋಟೆಯ ಅಂಗಳದಲ್ಲಿ ಅವರಿಗೊಬ್ಬರಿಗೇ ಎಂದು ಸಮಾರಂಭ ನಡೆಯಿತು. ರಾಣಿ ಎಲಿಜಬೆತ್‌ಗೆ ಆಗ 94, ಅವರಿಗೆ 100. ಕತ್ತಿ ರಾಣಿಯ ತಂದೆ ಆರನೇ ಜಾರ್ಜ್ ಅವರದು, ಯಾರ ಹೆಸರಿನಲ್ಲಿ ಟಾಮ್ ಬರ್ಮಾದಲ್ಲಿ ಕಾದಾಡಿದ್ದರೋ ಆ ರಾಜನದು. ಮಂಡಿಯೂರುವ ಪದ್ಧತಿಯನ್ನು ಬಿಟ್ಟುಕೊಡಲಾಯಿತು. ವಾಕರ್ ಹಿಡಿದು ನಿಂತೇ ಸರ್ ಟಾಮ್ ಆದರು.

ಆ ಡಿಸೆಂಬರಿನಲ್ಲಿ ಮನೆಯವರ ಜೊತೆ ಬಾರ್ಬಡೋಸ್ ದ್ವೀಪಕ್ಕೆ ಹೋಗಿ ಬಂದರು. ಜನವರಿಯಲ್ಲಿ ನ್ಯುಮೋನಿಯಾ ಕಾಡಿತು, ಅದರ ಮೇಲೆ ಕೊರೊನಾ ತಗುಲಿತು. ನ್ಯುಮೋನಿಯಾಕ್ಕೆ ಔಷಧಿ ನಡೆಯುತ್ತಿದ್ದುದರಿಂದ ಲಸಿಕೆ ಹಾಕಿಸಲು ಆಗಿರಲಿಲ್ಲ. 2021ರ ಫೆಬ್ರುವರಿ 2ರಂದು ಬೆಡ್‌ಫರ್ಡ್ ಆಸ್ಪತ್ರೆಯಲ್ಲಿ ತೀರಿಕೊಂಡರು.

ಅವರ ಹೆಸರಿನಲ್ಲಿ ಮನೆಯವರು ಕಟ್ಟಿದ ಪ್ರತಿಷ್ಠಾನದ ಕತೆ ಮುಂದೆ ಕಹಿಯಾಯಿತು. ಅದರ ಆಡಳಿತದಲ್ಲಿ ಮಗಳು ಮತ್ತು ಅಳಿಯ ಸ್ವಂತ ಲಾಭಕ್ಕೆ ಎಡೆಕೊಟ್ಟು ತಪ್ಪೆಸಗಿದ್ದಾರೆ ಎಂದು ಬ್ರಿಟನ್ನಿನ ಚಾರಿಟಿ ಕಮಿಷನ್ 2024ರ ನವೆಂಬರಿನಲ್ಲಿ ವರದಿ ಕೊಟ್ಟಿತು. ಅಂಗಳದ ನಡಿಗೆಯಿಂದ ಎನ್‌ಎಚ್‌ಎಸ್ ದತ್ತಿಗಳಿಗೆ ಹೋದ ಹಣ ಆ ವಿಚಾರಣೆಯಿಂದ ಹೊರಗಿನದು, ಅದು ಸೇರಬೇಕಾದಲ್ಲಿಗೇ ಸೇರಿತ್ತು. ಆ ವರದಿಯ ಸುದ್ದಿ ಓದಿ ನನಗೆ ಸಂಕಟವಾಯಿತು. ಆದರೂ ಆ ಇಬ್ಬರ ಮಾತು, ಓಡಾಟ ಇಲ್ಲದಿದ್ದರೆ ಆ ನಡಿಗೆಯೇ ಇರುತ್ತಿರಲಿಲ್ಲ ಎಂಬುದೂ ನಿಜ. ಎರಡನ್ನೂ ಬರೆಯಲೇಬೇಕು. ಅಜ್ಜನ ಬೆವರಿಗೆ ಅದರಿಂದ ಮಸಿ ತಗುಲುವುದಿಲ್ಲ.

ಅವರು ತಮ್ಮ ಸಾವಿನ ಬಗ್ಗೆಯೂ ಮೊದಲೇ ಹೇಳಿಟ್ಟಿದ್ದರು. ಬೂದಿಯನ್ನು ಯಾರ್ಕ್‌ಶೈರಿಗೆ ಒಯ್ದು ಅಪ್ಪ ಅಮ್ಮ, ಅಜ್ಜ ಅಜ್ಜಿಯರ ಪಕ್ಕ ಇಡಬೇಕು. ಕಲ್ಲಿನ ಮೇಲೆ ಒಂದು ಸಾಲು ಕೆತ್ತಿಸಬೇಕು: ನನಗೆ ವಯಸ್ಸಾಗಿದೆ ಅಂತ ಮೊದಲೇ ಹೇಳಿದ್ದೆನಲ್ಲ!

ಫೆಬ್ರುವರಿ 27ರಂದು ಬೆಡ್‌ಫರ್ಡಿನಲ್ಲಿ ಅಂತ್ಯಕ್ರಿಯೆ. ಕೊರೊನಾ ನಿಯಮ ಇನ್ನೂ ಬಿಗಿಯಾಗಿದ್ದ ಕಾಲ. ಹದಿನೈದು ಲಕ್ಷ ಜನರಿಂದ ಹಣ ತಂದವರನ್ನು ಕಳಿಸಿಕೊಡಲು ಬಂದ ಬಂಧುಗಳು ಎಂಟೇ ಜನ. ಯಾರ್ಕ್‌ಶೈರ್ ರೆಜಿಮೆಂಟಿನ ಆರು ಸೈನಿಕರು ಹೆಗಲು ಕೊಟ್ಟರು. ಪೆಟ್ಟಿಗೆಯ ಮೇಲೆ ಧ್ವಜ, ಅದರ ಮೇಲೆ ಅವರ ಕತ್ತಿ, ಪದಕಗಳು. ಆ ಹೊತ್ತಿಗೆ ಸರಿಯಾಗಿ ತಲೆಯ ಮೇಲೆ ಒಂದು ವಿಮಾನ ಬಂತು. ಹಳೆಯ ಕಾಲದ್ದು, ಹೊಟ್ಟೆ ಅಗಲದ್ದು, ಎರಡು ಎಂಜಿನ್ನಿನದು. ಡಕೋಟಾ. ಎಪ್ಪತ್ತೈದು ವರ್ಷಗಳ ಹಿಂದೆ ಬರ್ಮಾದ ಕಾಡುಗಳ ಮೇಲೆ ಅಕ್ಕಿ ಉದುರಿಸಿ ಹೋಗುತ್ತಿದ್ದ ಅದೇ ಬಗೆಯ ವಿಮಾನ, ಅದೇ ಗುಂಯ್‌ಗುಡುವ ಸದ್ದು. ತೀರಾ ತಗ್ಗಿನಲ್ಲಿ, ಅವಸರವಿಲ್ಲದೆ ಹಾರಿ, ಬೆಡ್‌ಫರ್ಡಿನ ಆಕಾಶ ದಾಟಿ ಹೋಯಿತು.